ಡಕೋಟಾದ ಬಾಲದ ಲಾಕ್

ಮಾರ್ಚ್ 3, 1994, ಗುರುವಾರ

ಹ್ಯಾಂಗರ್‌ನಲ್ಲಿ ಕೊರೆಯುವ ಚಳಿ. ಎಡರೆಕ್ಕೆಯ ಹಳೇ ಬಣ್ಣ ಕೆರೆದದ್ದಾಯಿತು. ಬಲಗಡೆ ಕ್ಲಿಫ್. ಯುದ್ಧದಲ್ಲೂ ಹೀಗೇ, ಇದೇ ಡಕೋಟಾ ವಿಮಾನಕ್ಕೆ ಮೆಕ್ಯಾನಿಕ್‌ಗಳಾಗಿ ಅವನೊಂದು ಕಡೆ, ನಾನೊಂದು ಕಡೆ. ಮ್ಯೂಸಿಯಂನ ಹಿಲರಿ ಬಂದಳು. ವಿಮಾನದ ಪಕ್ಕ ಅದರ ಚರಿತ್ರೆಯ ಬೋರ್ಡ್ ನಿಲ್ಲಿಸುತ್ತಾಳಂತೆ. ನಾರ್ಮಂಡಿಗೆ ಮದ್ದುಗುಂಡು, ವಾಪಸು ಗಾಯಾಳುಗಳು, ಆಮೇಲೆ ಬರ್ಲಿನ್‌ಗೆ ಕಲ್ಲಿದ್ದಲು... ಎಲ್ಲ ಬರೆದಿದ್ದಾಳೆ.

"44ರ ಆ ಅಪಘಾತ ಹಾಕ್ಲಾ, ಹೊರೇಸ್?"

"ಹಾಕು. ತಪ್ಪು ನಂದು. ಹೆಸರೂ ಹಾಕು."

ಕ್ಲಿಫ್ ಕೆಮ್ಮಿದ. "ಬಿಡೋ ಅತ್ಲಾಗೆ. ಸತ್ತೋರು ಸತ್ರು. ಟೀ ಆರೋಗ್ತಿದೆ."

ಮಾರ್ಚ್ 5

ಒಮ್ಮೆ ಬರೆದಿಟ್ಟುಬಿಡುತ್ತೇನೆ. ನಿಂತ ವಿಮಾನದ ಬಾಲ ಗಾಳಿಗೆ ಹೊಯ್ದಾಡದಂತೆ ಮರದ ಲಾಕ್ ಸಿಕ್ಕಿಸುತ್ತಿದ್ದೆವು. ಹೊರಡುವ ಮುಂಚೆ ಕಿತ್ತು, ಪೈಲಟ್‌ಗೆ ಕಾಣುವಂತೆ ಎತ್ತಿ ಹಿಡಿಯಬೇಕು. ಅವನು ಹೆಬ್ಬೆರಳು ಎತ್ತಿದರೆ ಮುಗಿಯಿತು. ಲಾಕ್ ಉಳಿದರೆ ವಿಮಾನ ಮೇಲೇಳದು. ಆ ದಿನ ಹನ್ನೊಂದು ವಿಮಾನ, ನಾವಿಬ್ಬರೇ. ಈ ಡಕೋಟಾ ಮೇಲೇಳಲಿಲ್ಲ. ಬೇಲಿ ಮುರಿದು ಹೊಲಕ್ಕೆ ನುಗ್ಗಿತು. ಹಿಂದೆ ಕೂತಿದ್ದ ನರ್ಸಿಂಗ್ ಹುಡುಗಿ ಗ್ಲೆನಿಸ್ ಮೇಲೆ ಮದ್ದುಗುಂಡಿನ ಪೆಟ್ಟಿಗೆಗಳು ಬಿದ್ದವು. ಅಲ್ಲೇ ಸತ್ತಳು. ಇಪ್ಪತ್ತೊಂದು ವರ್ಷ. ಲಾಕ್ ಬಾಲದಲ್ಲೇ ಇತ್ತು.

ಆ ವಿಮಾನ ಮುಟ್ಟಿದ ನೆನಪೇ ನನಗಿರಲಿಲ್ಲ. "ನೀನೇ ಕಣೋ ಅದನ್ನ ನೋಡ್ಕೊಂಡಿದ್ದು, ಕಣ್ಣಾರೆ ಕಂಡೆ" ಎಂದ ಕ್ಲಿಫ್. ಎರಡು ದಿನ ನಿದ್ದೆಗೆಟ್ಟ ತಲೆ. ನಂಬಿದೆ. ವಿಚಾರಣೆಯಲ್ಲಿ ಒಪ್ಪಿಕೊಂಡೆ. ತೋಳಿನ ದರ್ಜೆಯ ಪಟ್ಟಿ ಕಿತ್ತರು. 46ರಲ್ಲಿ ಕ್ಷಮೆ ಕೇಳಲು ಸ್ವಾನ್ಸಿಗೆ, ಅವಳ ತಾಯಿಯ ಮನೆಗೆ ಹೋದೆ. ಬಾಗಿಲು ತೆಗೆಯಲಿಲ್ಲ.

ಮಾರ್ಚ್ 17, ಗುರುವಾರ

44ರ ವಿಚಾರಣೆಯಲ್ಲಿ ಪೈಲಟ್ ಕೊಟ್ಟ ಹೇಳಿಕೆಯನ್ನು ಹಿಲರಿ ತರಿಸಿದ್ದಾಳೆ. ಓದಿದಳು. "ಕನ್ನಡಕದ ಕಾರ್ಪೊರಲ್ ಲಾಕ್ ಎತ್ತಿ ತೋರಿಸಿದ. ನಾನು ಹೆಬ್ಬೆರಳು ಎತ್ತಿದೆ."

ನಾನು ಕನ್ನಡಕ ಹಾಕಿದ್ದು ಅರವತ್ತು ದಾಟಿದ ಮೇಲೆ. ಕ್ಲಿಫ್ ಆಗಲೇ ಕನ್ನಡಕದವನು. ನಾನೇ ಒಪ್ಪಿಕೊಂಡ ಮೇಲೆ ಆ ಕಾಗದ ಯಾರು ಓದುತ್ತಾರೆ... ಪಕ್ಕದ ವಿಮಾನದಿಂದ ಕಿತ್ತ ಲಾಕ್ ಅವನ ಕೈಯಲ್ಲಿದ್ದಿರಬೇಕು. ಅದನ್ನೇ ತೋರಿಸಿದ್ದಾನೆ. ಕ್ಲಿಫ್‌ನತ್ತ ತಿರುಗಿದೆ.

"ಗೊತ್ತಿತ್ತೇನೋ?"

"ಆವತ್ತೇ ಗೊತ್ತಾಯ್ತು."

"ಮತ್ತೆ?"

"ನಂಗೆ ಹೆಂಡ್ತಿ, ಕೂಸು. ನೀನು ಒಂಟಿ ಗೂಳಿ. ನಿಂಗೇನು ಹೋಗೋದಿತ್ತು?"

ಬಣ್ಣದ ಡಬ್ಬಿ ಎಸೆದೆ. ತಾಗಲಿಲ್ಲ. ಮುದಿ ಕೈ.

ಮಾರ್ಚ್ 31

ಹ್ಯಾಂಗರ್‌ಗೆ ಹೋಗಿಲ್ಲ. ಕ್ಲಿಫ್‌ನ ಫೋನ್. ಆರನೇ ಸಲ ಎತ್ತಿದೆ. ಹಿಲರಿ ವಿಚಾರಿಸಿದಳಂತೆ, ಗ್ಲೆನಿಸ್‌ಳ ತಾಯಿ ತೀರಿಹೋಗಿದ್ದಾಳೆ. ಸ್ವಾನ್ಸಿಯ ಅದೇ ಮನೆಯಲ್ಲಿ ತಂಗಿ ಬೆರಿಲ್ ಇದ್ದಾಳೆ.

"ಬೋರ್ಡು ಗೀರ್ಡು ಬೇಡ ನಂಗೆ. ಅವಳೆದುರು ನಿಂತು ಹೇಳು, ತಪ್ಪು ನಿಂದೂಂತ."

"ಹೇಳ್ತೀನಿ, ಹೊರೇಸ್. ದೇವ್ರಾಣೆ."

ಏಪ್ರಿಲ್ 2, ಸಂಜೆ

ಹೋಗಿ ಬಂದೆವು. ಕ್ಲಿಫ್ ಟೋಪಿ ತೆಗೆದು ಬಾಗಿಲು ತಟ್ಟಿದ. ಬೆರಿಲ್ ತೆರೆದಳು. ಅರವತ್ತೈದರ ಹೆಂಗಸು, ಹಣೆ ಮಾತ್ರ ಅಕ್ಕನದೇ. ಕ್ಲಿಫ್ ಟೋಪಿಯನ್ನು ಕಂಕುಳಿಗೆ ಸೇರಿಸಿದ. ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟ.

"ನೋಡಿಮ್ಮಾ, ಇವ್ನೇ ಹೊರೇಸ್. ಐವತ್ತು ವರ್ಷದಿಂದ ಕೊರಗ್ತಿದ್ದಾನೆ. ನೀವೊಂದು ಸಲ ಕ್ಷಮಿಸಿಬಿಟ್ರೆ..."

ಅವಳು ನನ್ನತ್ತ ತಿರುಗಿದಳು. ಎರಡೂ ಕೈ ಹಿಡಿದುಕೊಂಡಳು. "ಯಾವತ್ತೋ ಕ್ಷಮಿಸಿದೀನಿ. ಒಳಗೆ ಬನ್ನಿ" ಎಂದಳು. ಅಳುತ್ತಿದ್ದಳು. ಅವಳ ಹಿಂದೆಯೇ ಕ್ಲಿಫ್ ಕಾಲೊರೆಸಿ ಒಳಗೆ ಹೋದ.

ಆಗ ಬಾಯಿ ತೆರೆದೆ. "ಲಾಕ್ ಎತ್ತಿ ತೋರಿಸಿದ್ದು ನಾನಲ್ಲಮ್ಮ, ಇವನು" ಎಂದೆ.