ಗುಂಡಿಯ ತಳದ ಸೀಸೆ

ಮೇ 12, ಮಂಗಳವಾರ

ಎಂಟಕ್ಕೆ ಹಾಳು ಅರಮನೆಯ ಗೇಟು ತೆಗೆದೆ. ಒಂಬತ್ತಕ್ಕೆ ಮೊದಲ ಬಸ್ಸು. ಹನ್ನೊಂದರೊಳಗೆ ನಾಲ್ಕು ಸಲ ಸೀಟಿ ಊದಿದೆ. ಮೂರೂವರೆ ಸಾವಿರ ವರ್ಷದ ಗೋಡೆಯ ಮೇಲೆ ಕೂತು ಬಾಳೆಹಣ್ಣು ತಿನ್ನುವ ಜನ. ಇವರು ಕೇಳುವುದು ಒಂದೇ: ರಾಜ ಎಲ್ಲಿ ಕೂರುತ್ತಿದ್ದ? ಇಷ್ಟು ಕಲ್ಲು ಹೊತ್ತವರು ಎಲ್ಲಿ ಮಲಗುತ್ತಿದ್ದರು ಅಂತ ಇಪ್ಪತ್ತು ವರ್ಷದ ಕಾವಲಿನಲ್ಲಿ ಒಬ್ಬನೂ ಕೇಳಿಲ್ಲ.

ಆಫೀಸಿನಿಂದ ಕಾಗದ. ಅರಮನೆಯ ಪಡುವಣ ಉಗ್ರಾಣಕ್ಕೆ ಚಾವಣಿ ಬರುತ್ತದಂತೆ. ಕಂಬದ ಗುಂಡಿ ತೋಡುವುದು ಈ ವಾರದಿಂದಲೇ. ಜೂನ್ 6ಕ್ಕೆ ಫಲಕ — ‘ದೋರಿದಿಸ್ ಉಗ್ರಾಣ’. ಕಂಡುಹಿಡಿದ ಮಹಾನುಭಾವ ಅಥೆನ್ಸಿನಿಂದ ಬರುತ್ತಾನೆ.

ಕಂಡುಹಿಡಿದವನು ನನ್ನಪ್ಪ. ಸಿಫಿಸ್, ಅಗೆತದ ಮೇಸ್ತ್ರಿ. ಆ ಹೊತ್ತಿಗೆ ಅಗೆತದ ಮುಖ್ಯಸ್ಥ, ಪ್ರೊಫೆಸರ್ ದೋರಿದಿಸ್, ಕೊಡೆಯಡಿ ಕಾಫಿ ಕುಡಿಯುತ್ತಿದ್ದ.

ಬರಲಿ.

ಮೇ 14, ಗುರುವಾರ

ನಕ್ಷೆ ನೋಡಿದೆ. ಮೂರನೇ ಕಂಬ ಅಪ್ಪ ಅಗೆದು ಮುಚ್ಚಿದ ಗುಂಡಿಯ ಮೇಲೇ ಬೀಳುತ್ತದೆ. ಟಿಕೆಟ್ ಹರಿಯುವಾಗ ಎರಡು ಹರಿದೆ.

ಒಮ್ಮೆ ಸರಿಯಾಗಿ ಬರೆದಿಡುತ್ತೇನೆ. ಮೂವತ್ತೊಂದು ವರ್ಷದ ಹಿಂದೆ. ಕೆಂಪು ಕಲ್ಲಿನ ಮುದ್ರೆ, ಆಕ್ಟೋಪಸ್ ಕೆತ್ತಿದ್ದು, ಉಗುರಿನಷ್ಟು. ಅಪ್ಪನ ಕೈಗೆ ಸಿಕ್ಕಿತು. ದೋರಿದಿಸ್ ಕೈಗೆ ಕೊಟ್ಟ. ಗುಂಡಿ ಮುಚ್ಚಿ ಎರಡು ವಾರಕ್ಕೆ ಮುದ್ರೆ ಕಾಣೆ. ‘ಮೇಸ್ತ್ರಿ ನನಗೆ ಕೊಟ್ಟೇ ಇಲ್ಲ’ ಅಂದ ದೋರಿದಿಸ್. ಗುದ್ದಲಿ ಹಿಡಿದವನ ಮಾತು, ಪೆನ್ನು ಹಿಡಿದವನ ಮಾತು. ಪೊಲೀಸರಿಗೆ ತೂಗಲು ತಕ್ಕಡಿಯೂ ಬೇಕಾಗಲಿಲ್ಲ.

ಮಾಥಿಯೋಸನ ಕಾಫಿ ಅಂಗಡಿಗೆ ಅಪ್ಪ ಹೋದರೆ ಅವನು ಕೂರದಂತೆ ಖಾಲಿ ಕುರ್ಚಿಗಳ ಮೇಲೆ ಕೋಟು ಹಾಸುತ್ತಿದ್ದರು. ಒಂದು ಮಾತೂ ಇಲ್ಲ. ಬರೀ ಕೋಟು. ‘ಹೆಸರು ತೊಳೆಯೋವರೆಗೂ ಗಡ್ಡ ತೆಗೆಯಲ್ಲ’ ಅಂದ ಅಪ್ಪ. ಹನ್ನೊಂದು ವರ್ಷ ತೆಗೆಯಲಿಲ್ಲ. ಗಡ್ಡದಲ್ಲೇ ಹೂತೆವು.

ಒಂದೇ ಮಾತು ಹೇಳುತ್ತಿದ್ದ: ‘ಸೀಸೆಯಲ್ಲಿ ಬರ್ದಿದೀನಿ. ಅವನೇ ಸಹಿ ಹಾಕವ್ನೆ.’ ಅಗೆಯುವವರ ರೂಢಿ ಅದು — ಗುಂಡಿ ಮುಚ್ಚುವ ಮುಂಚೆ ತಳದಲ್ಲಿ ಆ ವರ್ಷದ ನಾಣ್ಯ, ಒಂದು ಸೀಸೆ. ಸೀಸೆಯೊಳಗೆ ಕೆಲಸದವರ ಹೆಸರು, ಕೊನೆಗೆ ಸಿಕ್ಕಿದ್ದೇನು, ಯಾರ ಕೈ ಸೇರಿತು. ಅಗೆದು ನೋಡಿ ಅಂತ ಅಪ್ಪ ಅಂಗಲಾಚಿದ. ಅಗೆಯಲು ಅಪ್ಪಣೆ ಬೇಕು. ಅಪ್ಪಣೆ ಕೊಡಬೇಕಾದವನು ದೋರಿದಿಸ್.

ಈ ಕೆಲಸಕ್ಕೆ ನಾನು ಸೇರಿದ್ದು ಸಂಬಳಕ್ಕಲ್ಲ. ಆ ಮಣ್ಣನ್ನು ಯಾರೂ ಕದಿಯದಂತೆ ಕಾಯಲು.

ಮೇ 21, ಗುರುವಾರ

ಸಿಕ್ಕಿತು.

ಎರಡು ಮೀಟರ್ ಕೆಳಗೆ. ರಾಕಿ ಸಾರಾಯಿಯ ಹಸಿರು ಸೀಸೆ, ಬಾಯಿಗೆ ಜೇನುಮೇಣ. ಪಕ್ಕದಲ್ಲಿ ನಾಣ್ಯ. ಅಗೆಯುತ್ತಿದ್ದವರು ಟೋಪಿ ತೆಗೆದರು. ಈ ಕೆಲಸದ ಮುಖ್ಯಸ್ಥೆ ಥೆಕ್ಲಾ, ಮೂವತ್ತರ ಹುಡುಗಿ, ಅಲ್ಲೇ ತೆರೆಯಲು ಕೈ ಹಾಕಿದಳು.

‘ತಡಿ ಮಗಳೇ. ಸಹಿ ಹಾಕಿದೋರು ಬದುಕಿದ್ರೆ ಅವರೇ ತೆಗೀಬೇಕು. ಎಲ್ಲರ ಎದುರಿಗೆ ಗಟ್ಟಿಯಾಗಿ ಓದ್ಬೇಕು. ಹೆಸರು ಕೂಗಿದಾಗ ಮನೆಯವರು ಓಗೊಡ್ಬೇಕು,’ ಅಂದೆ.

‘ಪ್ರೊಫೆಸರ್ ಒಪ್ತಾರಾ ಅಕ್ಕ?’

‘ಮೈಕು ಕೊಡು. ಒಪ್ತಾರೆ.’

ಫೋನ್ ಮಾಡಿದಳು. ಒಪ್ಪಿದ. ತುಂಬ ಖುಷಿಯಾಯಿತಂತೆ; ಯಾವ ಗುಂಡಿಯ ಸೀಸೆ ಅಂತ ಕೇಳಲೂ ಇಲ್ಲವಂತೆ.

ಮೇ 22

ಅಮ್ಮನಿಗೆ ಹೇಳಿದೆ. ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ತಲೆ ಎತ್ತಲಿಲ್ಲ.

‘ಮುಚ್ಬಿಡು ಗರೂಫಾ.’

‘ಯಾಕೆ?’

‘ಒಳಗೆ ಏನೂ ಬರೀದೆ ಇದ್ರೆ?’

‘ಅಪ್ಪ ಸುಳ್ಳು ಹೇಳಿದ್ನಾ?’

‘ನಾನು ಯಾವತ್ತೂ ಕೇಳ್ಲಿಲ್ಲ ಕಣೇ. ಕದ್ದಿದ್ರೂ ನನ್ನ ಗಂಡನೇ. ಕೇಳಿಬಿಟ್ರೆ ಏನಾಗ್ತಿತ್ತೋ.’

ಹನ್ನೊಂದು ವರ್ಷ ಒಂದೇ ಹಾಸಿಗೆ, ಒಂದೇ ತಟ್ಟೆ; ಆಮೇಲೆ ಇಪ್ಪತ್ತು ವರ್ಷ ಗೋರಿಯ ದೀಪ. ಕೇಳಿಲ್ಲ. ಇದನ್ನೂ ದೋರಿದಿಸನ ಲೆಕ್ಕಕ್ಕೇ ಹಾಕುತ್ತೇನೆ.

ಆದರೆ... ಇಲ್ಲ. ಬರೆಯುವುದಿಲ್ಲ.

ಜೂನ್ 5, ಶುಕ್ರವಾರ

ಎರಡು ವಾರ ಪುಸ್ತಕ ಮುಟ್ಟಲಿಲ್ಲ. ಬರೆಯಲು ಕೂತರೆ ಅಮ್ಮನ ಮಾತೇ ಬರುತ್ತಿತ್ತು.

ಇವತ್ತು ದೋರಿದಿಸ್ ಬಂದ. ಒಂದು ದಿನ ಮುಂಚೆ, ಒಬ್ಬನೇ, ಬಿಳಿ ಟೋಪಿ, ಊರುಗೋಲು. ನಾನೇ ಸುತ್ತಾಡಿಸಿದೆ. ಗುರುತು ಹಿಡಿಯಲಿಲ್ಲ. ನಮ್ಮ ಮುಖ ಇವರು ಯಾವತ್ತು ನೋಡಿದ್ದರು?

‘ಇಲ್ಲೊಬ್ಬ ಮೇಸ್ತ್ರಿ ಇದ್ದ ಕಣಮ್ಮ. ಕೈ ಬಲು ಚುರುಕು. ಚುರುಕು ಕೈಯೋರ ಮೇಲೆ ಕಣ್ಣಿಟ್ಟಿರ್ಬೇಕು,’ ಅಂದು ನಕ್ಕ.

‘ಸೀಸೆ ಕಾಗದ ನೀವೇ ಬರೀತಿದ್ರಾ ಪ್ರೊಫೆಸರ್ರೇ?’

‘ಛೆ, ಅವ್ನೇ ಗೀಚ್ತಿದ್ದ. ನಾನು ಸಹಿ ಹಾಕ್ತಿದ್ದೆ. ಅದನ್ನೆಲ್ಲಾ ಯಾರು ಓದ್ತಾರೆ?’

ಅವನ ಹಿಂದೆ ಎರಡೇ ಹೆಜ್ಜೆಗೆ ಕಂಬದ ಗುಂಡಿ. ಹಲಗೆ ಸಡಿಲ. ನನಗೆ ಗೊತ್ತು, ಅವನಿಗೆ ಗೊತ್ತಿಲ್ಲ. ತೋಳು ಹಿಡಿದು ಈಚೆಗೆ ಕರೆತಂದೆ. ಕಾವಲು ಗೂಡಿನಲ್ಲಿ ಕೂರಿಸಿ ಬೆಟ್ಟದ ಸೊಪ್ಪಿನ ಚಹಾ ಕಾಸಿಕೊಟ್ಟೆ, ಜೇನು ಹಾಕಿ. ಅವನಿಗೆ ಏನೂ ಆಗಬಾರದು. ನಾಳೆಯವರೆಗೆ ಗಂಟಲು ನೆಟ್ಟಗಿರಬೇಕು.

ಜೂನ್ 6, ಬೆಳಿಗ್ಗೆ 6

ಅಪ್ಪನ ಕಪ್ಪು ಅಂಗಿ ಇಸ್ತ್ರಿ ಮಾಡಿ ಹಾಕಿಕೊಂಡೆ. ತೋಳು ಉದ್ದ. ಮಡಿಸಿದೆ.

ಸೀಸೆ ಖಾಲಿಯಿದ್ದರೆ ಊರೆದುರು ಅಪ್ಪನನ್ನು ಎರಡನೇ ಸಲ ಕಳ್ಳ ಮಾಡಿದವಳು ನಾನು.

ಅಮ್ಮ ಬರುವುದಿಲ್ಲ ಅಂದಳು. ಆದರೆ ಚಪ್ಪಲಿ ಒರೆಸಿ ಬಾಗಿಲಲ್ಲಿಟ್ಟಿದ್ದಾಳೆ.

ಅದೇ ದಿನ, ಸಂಜೆ

ಕ್ರಮವಾಗಿ ಬರೆಯಬೇಕು.

ಜನ ಇನ್ನೂರು. ಅಧಿಕಾರಿಗಳು ನೆರಳಿನಲ್ಲಿ, ಊರಿನವರು ಬಿಸಿಲಿನಲ್ಲಿ. ಮಾಥಿಯೋಸನೂ ಇದ್ದ, ಮುದುಕನಾಗಿದ್ದಾನೆ. ಅಮ್ಮ ಕೊನೆಯ ಸಾಲಿನಲ್ಲಿ, ಎದ್ದು ಹೋಗುವವಳ ಹಾಗೆ.

ದೋರಿದಿಸ್ ಮೇಣ ಕೆರೆದು ಕಾಗದ ಎಳೆದ. ನನಗೆ ಕಂಡಿದ್ದು ಬರೀ ಅದರ ಬೆನ್ನು. ಹೆಸರು ಓದಿದ. ಒಂದೊಂದಕ್ಕೂ ಯಾರೋ ‘ಇದ್ದೇನೆ’ ಅಂದರು — ಮಗ, ಮೊಮ್ಮಗಳು. ಕೊನೆಗೆ, ‘ಸಿಫಿಸ್, ಮೇಸ್ತ್ರಿ.’

‘ಇದ್ದೇನೆ,’ ಅಂದೆ.

ಆಗ ನನ್ನ ಮುಖ ನೋಡಿದ. ಮೊದಲ ಸಲ. ಮತ್ತೆ ಕಾಗದ ನೋಡಿದ. ಮಡಿಸಲು ಹೋದ.

‘ಮುಂದೆ ಓದಿ ಪ್ರೊಫೆಸರ್ರೇ.’

‘ಕಣ್ಣು ಸರಿಯಾಗಿ ಕಾಣ್ತಿಲ್ಲ...’

ನನ್ನ ಕನ್ನಡಕ ತೆಗೆದು ಕೊಟ್ಟೆ. ಇನ್ನೂರು ಜನ ಕಾದರು. ಥೆಕ್ಲಾ ಅವನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಮೈಕು ಅವನ ಬಾಯಿಗೆ ಇನ್ನೂ ಹತ್ತಿರ ಹಿಡಿದಳು. ಜಾಣೆ.

ಓದಿದ. ‘ಕೆಂಪು ಕಲ್ಲಿನ ಮುದ್ರೆ ಒಂದು, ಆಕ್ಟೋಪಸ್. ಸಿಕ್ಕಿದ್ದು ಸಿಫಿಸ್ ಕೈಗೆ. ತೆಗೆದುಕೊಂಡವರು...’

‘ಯಾರು?’ ಅಂದಳು. ನಾನಲ್ಲ. ಕೊನೆಯ ಸಾಲಿನಿಂದ ಅಮ್ಮ.

ತನ್ನ ಹೆಸರನ್ನು ತನ್ನ ಬಾಯಲ್ಲೇ ಓದಿದ. ಕೆಳಗೆ ತನ್ನದೇ ಸಹಿ.

ಪರದೆ ಎಳೆಯದೆ ಫಲಕ ಹಾಗೇ ಉಳಿಯಿತು. ಅವನು ಮೆಟ್ಟಿಲಿಳಿಯುವಾಗ ಯಾರೂ ತೋಳು ಹಿಡಿಯಲಿಲ್ಲ. ನಾನೂ. ಕನ್ನಡಕ ಮಾತ್ರ ವಾಪಸ್ ಇಸಿದುಕೊಂಡೆ.

ಸಾಕಾಯಿತೇ? ಇಲ್ಲ. ಹನ್ನೊಂದು ವರ್ಷದ ಗಡ್ಡಕ್ಕೆ ಐದು ನಿಮಿಷದ ಬೆವರು.

ಅಮ್ಮ ಒಳಗೆ ಅಪ್ಪನ ಕ್ಷೌರದ ಬಟ್ಟಲು ತೊಳೆಯುತ್ತಿದ್ದಾಳೆ. ಯಾಕೆ ಅಂತ ಕೇಳಲಿಲ್ಲ.

ಬಾಗಿಲು ಬಡಿಯುತ್ತಿದ್ದಾರೆ. ಕಿಟಕಿಯಿಂದ ನೋಡಿದೆ — ಮಾಥಿಯೋಸ್, ಅಂಗಡಿಯ ಐದಾರು ಗಂಡಸರು. ಒಂದು ಕುರ್ಚಿ ಹೊತ್ತು ತಂದಿದ್ದಾರೆ. ‘ಗರೂಫಲಿಯಾ, ಬಾಗಿಲು ತೆಗಿಯವ್ವಾ, ಕೋಟು ಕೈಯಲ್ಲಿದೆ,’ ಅನ್ನುತ್ತಿದ್ದಾನೆ.

ಬಡಿಯಲಿ. ನನ್ನಪ್ಪ ಹನ್ನೊಂದು ವರ್ಷ ನಿಂತೇ ಇದ್ದ. ಇವರೂ ಸ್ವಲ್ಪ ನಿಲ್ಲಲಿ.