ಅತ್ತೆಯ ರೊಟ್ಟಿಬುಟ್ಟಿ

ಬ್ಯಾಡಗಿ, ಸೋಮವಾರ

ರಾಣೆಬೆನ್ನೂರಿನ ನೀಲಕ್ಕನವರಿಗೆ ತಮ್ಮನ ಹೆಂಡತಿ ಸುರೇಖಾಳ ಶರಣು.

ಓಣಿಯಲ್ಲಿ ಯಾರೇ ಸತ್ತರೂ ಆ ಮನೆಯವರು ಒಲೆ ಹಚ್ಚಬಾರದೆಂದು ನಿಮ್ಮ ಅವ್ವ ತೊಂಬತ್ತರ ವಯಸ್ಸಿನಲ್ಲೂ ಬುಟ್ಟಿ ಹೊತ್ತು ಮನೆಮನೆಯಿಂದ ರೊಟ್ಟಿ ಕೂಡಿಸುತ್ತಿದ್ದರಲ್ಲ? ದಪ್ಪಗಿದ್ದರೆ, “ಇದೇನ ರೊಟ್ಟಿನೋ ಹಲಗಿನೋ?” ಎಂದು ಬೈದೇ ಇಟ್ಟುಕೊಳ್ಳುತ್ತಿದ್ದರು. ಅವರೇ ಹೋದ ದಿನ ಯಾರೂ ಕೇಳದಿದ್ದರೂ ಬಂದ ರೊಟ್ಟಿ ತಿಂದು ಮುಗಿಸಲು ನಮಗೆ ವಾರ ಹಿಡಿಯಿತು. ಎಲ್ಲವೂ ತೆಳ್ಳಗಿದ್ದವು.

ನಿನ್ನೆ ಮೂಲೆಮನೆಯ ಪ್ರಭುಲಿಂಗಪ್ಪ ತೀರಿಕೊಂಡರು. ಹೆಂಗಸರೆಲ್ಲ ರೂಢಿಯಂತೆ ನಮ್ಮ ಬಾಗಿಲಿಗೇ ಬಂದು ನಿಂತರು. ಅವರಲ್ಲಿ ಒಬ್ಬರು, “ಸುರೇಖಾ, ಯಾರ ಮನ್ಯಾಗ ಎಷ್ಟ ರೊಟ್ಟಿ ಬಡೀಬೇಕು, ನೀನ ಹೇಳವಾ,” ಎಂದರು.

ಹೇಳಿದೆ. ಬುಟ್ಟಿಯನ್ನೂ ಹೊತ್ತೆ. ತಲೆಯ ಮೇಲೆ ಬಟ್ಟೆಯ ಸಿಂಬಿ ಮಾತ್ರ ನಿಲ್ಲಲೊಲ್ಲದು. ಅತ್ತೆ ಅದನ್ನು ಹೇಗೆ ಸುತ್ತುತ್ತಿದ್ದರು, ಬಂದಾಗ ತೋರಿಸಿಕೊಡಿ.

ನಿಮ್ಮ,
ಸುರೇಖಾ