ಪಿಸ್ತೂಲಿನ ಪರವಾನಗಿಗೆ ಮುನ್ನ ನನ್ನ ಮಗಳನ್ನು ಕೇಳಿದ ಒಂದೇ ಪ್ರಶ್ನೆ

ಆಯುಧ ಪರವಾನಗಿ ಕೊಡುವ ಅಧಿಕಾರಿಗಳೇ,

ಈಗ ಸಂಜೆ ಏಳು ಗಂಟೆ. ಬೆಳಿಗ್ಗೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದೆ, ಮಧ್ಯಾಹ್ನ ನಿಮ್ಮ ಕಚೇರಿಯಲ್ಲಿ ನಿಂತಿದ್ದೆ. ನನ್ನ ಮಗಳ ಜೀವ ತೆಗೆದ ಪಿಸ್ತೂಲನ್ನು ಅವಳ ಗಂಡನಿಗೆ ಮರಳಿ ಕೊಡಲು ಹೊರಟಿದ್ದೀರಿ. ಆಕ್ಷೇಪಣೆ ಇದ್ದವರು ಬರಬಹುದೆಂದು ಗೋಡೆಗೆ ನೀವೇ ಅಂಟಿಸಿದ್ದಿರಿ. ಬಂದೆ.

"ಅವರಿಗೆ ನೀವೇನಾಗ್ಬೇಕು?" ಎಂದರು ಗುಮಾಸ್ತರು.

"ಅತ್ತೆ."

"ಅವರು ಬೇರೆ ಮದುವೆ ಆಗಿದಾರಲ್ಲಮ್ಮ. ಬೇಕಿದ್ರೆ ಈಗಿನ ಅತ್ತೆ ಬರ್ಲಿ. ನೀವು ಹಳೇ ಅತ್ತೆ."

ಪಕ್ಕದ ಮೇಜಿನವರು ನಕ್ಕರು. ನಗಲಿ. ಆದರೆ ಈ ಹುದ್ದೆಗೆ ನನ್ನನ್ನು ಏರಿಸಿದ್ದು ನಿಮ್ಮ ಕಚೇರಿಯೇ ಎಂಬುದು ಅವರಿಗೆ ತಿಳಿದಿರಲಿ.

ಹಣದ ಚೀಲ ಹೊತ್ತು ಓಡಾಡುವ ವ್ಯಾಪಾರಿ, ಕಳ್ಳರ ಭಯ ಎಂದು ಅಳಿಯ ಅರ್ಜಿ ಹಾಕಿದ್ದ. ಎಷ್ಟು ಶ್ರದ್ಧೆಯಿಂದ ಪರೀಕ್ಷಿಸಿದಿರಿ! ಕಣ್ಣು ನೋಡಿದಿರಿ, ಕೈ ನಡುಗುತ್ತದೆಯೇ ನೋಡಿದಿರಿ, ಗುರಿ ನೋಡಿದಿರಿ. ಗುರಿಯ ಬಗ್ಗೆ ನನ್ನ ತಕರಾರಿಲ್ಲ, ಚೆನ್ನಾಗಿಯೇ ಇತ್ತು. ನಿಮ್ಮ ಪೇದೆ ನೆರೆಯವರನ್ನೂ ಎದುರಂಗಡಿಯವರನ್ನೂ ವಿಚಾರಿಸಿದರು. ದೇವರಂಥ ಮನುಷ್ಯ ಎಂದರಂತೆ. ಬೀದಿಗೆ ಅವನು ದೇವರೇ ಇರಬಹುದು. ಪಿಸ್ತೂಲು ಬೀದಿಯಲ್ಲಿ ಮಲಗುತ್ತದೆಯೇ?

ಪೇದೆ ಮನೆಗೆ ವಿಚಾರಣೆಗೆ ಬಂದ ದಿನ ನಾನು ಮಗಳ ಅಡುಗೆಮನೆಯಲ್ಲಿದ್ದೆ. "ಮನೇಲಿ ಜಗಳಗಿಗಳ ಏನಾದ್ರೂ?" ಎಂದು ಪೇದೆ ಕೇಳಿದರು, ಅವನನ್ನೇ.

"ಎಲ್ಲಿ ಸಾರ್, ಇವಳಿಗೆ ಬಾಯೇ ಇಲ್ಲ," ಎಂದು ನಕ್ಕ.

ಮಗಳು ಸುಡುಬೇಸಿಗೆಯಲ್ಲಿ ತುಂಬುತೋಳಿನ ಅಂಗಿ ತೊಟ್ಟು, ತಟ್ಟೆ ಹಿಡಿದು ನಿಂತಿದ್ದಳು. ತೋಳಿನ ಬಾಸುಂಡೆ ಮುಚ್ಚಲೆಂದೇ ನಾನು ಹೊಲಿದುಕೊಟ್ಟ ಅಂಗಿ ಅದು. ಪೇದೆ ಅವಳತ್ತ ತಿರುಗಿದರು. ಈಗ ಕೇಳುತ್ತಾರೆ ಎಂದುಕೊಂಡೆ.

"ಟೀ ಚೆನ್ನಾಗಿದೆ ಕಣಮ್ಮ. ಇನ್ನೊಂದು ಲೋಟ ಸಿಗತ್ತಾ?"

ನಿಮ್ಮ ಇಡೀ ಇಲಾಖೆ ನನ್ನ ಮಗಳನ್ನು ಕೇಳಿದ್ದು ಇದೊಂದೇ ಪ್ರಶ್ನೆ. ನಾನು ಹೊರಗೆ ಹೋಗಿ ಹೇಳಿಬಿಡುತ್ತಿದ್ದೆ. ಲೋಟ ತುಂಬಿಸಲು ಒಳಗೆ ಬಂದವಳು ನನ್ನ ಸೆರಗು ಹಿಡಿದಳು. "ಬೇಡಮ್ಮ. ಅವರು ಟೀ ಕುಡಿದು ಹೋಗ್ಬಿಡ್ತಾರೆ. ಆಮೇಲೆ ಇಲ್ಲಿರೋಳು ನಾನು."

ಕಳ್ಳ ಒಮ್ಮೆಯೂ ಬರಲಿಲ್ಲ. ಪಿಸ್ತೂಲು ಒರೆಸುವಾಗ ಆಕಸ್ಮಿಕವಾಗಿ ಗುಂಡು ಹಾರಿತು ಎಂದ ಅವನು. ಕಂಡವರಿಲ್ಲ ಎಂದು ಅವನನ್ನು ಬಿಟ್ಟಿತು ನ್ಯಾಯಾಲಯ. ಕಂಡಿದ್ದವಳು ಒಬ್ಬಳೇ, ಅವಳನ್ನು ಕೇಳುವ ಅವಕಾಶ ನಿಮಗಿತ್ತು. ಊರು ಸೂರೆಯಾದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನೀವು ಅದಕ್ಕೂ ಏಳುವವರಲ್ಲ, ಬೀಗದ ಕೈಯನ್ನೇ ಮತ್ತೆ ಅವನ ಕೈಗಿಡುತ್ತಿದ್ದೀರಿ.

ನನ್ನ ಆಕ್ಷೇಪಣೆ ಕಸದ ಬುಟ್ಟಿಗೆ ಹೋಗಲಿ, ಹಳೇ ಅತ್ತೆಯ ಮಾತಿಗೆ ಬೆಲೆಯೆಲ್ಲಿ? ಆದರೆ ಪರವಾನಗಿಗೆ ಸಹಿ ಹಾಕುವ ಮುನ್ನ ಆ ಮನೆಯ ಹೆಂಗಸನ್ನು ಕೇಳಿ. ಗಂಡನ ಎದುರಲ್ಲ. ಒಬ್ಬ ಮಹಿಳಾ ಅಧಿಕಾರಿಯನ್ನು ಕಳಿಸಿ, ಅವಳೊಬ್ಬಳನ್ನೇ ಹೊರಗೆ ಕರೆದು, ಹೇಳಿದ್ದು ಅವನ ಕಿವಿಗೆ ಬೀಳುವುದಿಲ್ಲವೆಂದು ಮಾತು ಕೊಟ್ಟು ಕೇಳಿ. ಅವಳು ಸುಮ್ಮನಿದ್ದರೆ, ತೋಳು ನೋಡಿ.

ನಾಳೆ ಹತ್ತು ಗಂಟೆಗೆ ನಿಮ್ಮ ಪೇದೆ ಆ ಮನೆಗೆ ವಿಚಾರಣೆಗೆ ಹೋಗುತ್ತಾರೆ. ಈಗ ಅಲ್ಲಿ ಟೀ ಮಾಡುವವಳು ಅವನ ಎರಡನೆಯ ಹೆಂಡತಿ.

ಇಂತಿ,
ನಿಮ್ಮ ಗುಮಾಸ್ತರು ಗುರುತಿಸಿದಂತೆ,
ಹಳೇ ಅತ್ತೆ